ಶಾಸನಗಳ ಪಡಿಯಚ್ಚು ಸೇವೆಯನ್ನು ನಿಲ್ಲಿಸುತ್ತಿರುವ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೂ ಬಳಗದ ಸದಸ್ಯರಿಗೂ ಶರಣಾರ್ಥಿಗಳು.

ಹೊಲದ ಬದುವಿನಲ್ಲಿರುವ ವೀರಗಲ್ಲು, ಗುಡಿಯ ಅಂಗಳದ ದಾನಶಾಸನ, ಅಗಸಿಯ ಪಕ್ಕದಲ್ಲಿ ಅರ್ಧ ಹೂತುಹೋದ ಬರಹದ ಕಲ್ಲು ಇವುಗಳ ಅಕ್ಷರಗಳನ್ನು ಕಾಗದಕ್ಕೆ ಇಳಿಸಿ, ಬಲ್ಲವರಿಂದ ಓದಿಸಿ, ಹೊಸಗನ್ನಡದ ಅರ್ಥದೊಂದಿಗೆ ನಿಮಗೆ ಒಪ್ಪಿಸುತ್ತಿದ್ದ ಪಡಿಯಚ್ಚಿನ ಸೇವೆಯನ್ನು ನಮ್ಮ ಊರಿನ ಇತಿಹಾಸ ಬಳಗವು ಬರುವ ಯುಗಾದಿಯಿಂದ ನಿಲ್ಲಿಸಲಿದೆ. ಅದರ ಬದಲು ಓರೆ ಬೆಳಕಿನಲ್ಲಿ ತೆಗೆದ ಛಾಯಾಚಿತ್ರವನ್ನೂ ಅದರ ಓದನ್ನೂ ಕೊಡುತ್ತೇವೆ. ಮಸಿ ಕಾಗದವನ್ನೇ ಚೌಕಟ್ಟು ಹಾಕಿಸಿ ಮನೆಯ ಪಡಸಾಲೆಯಲ್ಲಿ ತೂಗುಹಾಕಿಕೊಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ಈ ನಿರ್ಧಾರದಿಂದ ನಿಮಗೆ ಬೇಸರವಾಗುವುದು ಸಹಜವಾದ್ದರಿಂದ ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇವೆ.

ಕಳೆದ ಮಾಗಿಯಲ್ಲಿ ಒಂದು ಮನೆತನದವರ ಬೇಡಿಕೆಯ ಮೇರೆಗೆ ಅವರ ಹೊಲದಲ್ಲಿದ್ದ ವೀರಗಲ್ಲಿನ ಅಚ್ಚು ತೆಗೆಯಲು ಹೋಗಿದ್ದೆವು. ಮೂರು ಅಂತಸ್ತಿನ ಕಲ್ಲು: ಕೆಳಗೆ ತುರುಗಳಿಗಾಗಿ ಕಾದಾಟ, ನಡುವೆ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ, ಅಂತಸ್ತುಗಳ ನಡುವಿನ ಪಟ್ಟಿಗಳಲ್ಲಿ ಬರಹ. ಎಂದಿನಂತೆ ನೀರು ಹಾಕಿ ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್‌ನಿಂದ ಬಡಿದು ಕಾಗದವನ್ನು ಅಕ್ಷರದ ಕುಳಿಗಳಿಗೆ ಇಳಿಸಿ, ಅರೆ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಹಚ್ಚಿದೆವು. ಕಾಗದ ಎಬ್ಬಿಸುವಾಗ ಅದರ ಬೆನ್ನಿಗೆ ಉಗುರಿನಷ್ಟು ಅಗಲದ ಕೆಂಪು ಚಕ್ಕೆಯೊಂದು ಅಂಟಿಕೊಂಡು ಬಂದಿತು. ಅದು ಸಂವತ್ಸರದ ಹೆಸರಿನ ಎರಡನೆಯ ಅಕ್ಷರವಿದ್ದ ಜಾಗ. ಈಗ ಕಲ್ಲಿನ ಮೇಲೆ ಉಳಿದಿರುವುದು ‘ವಿ’ ಒಂದೇ. ಅರವತ್ತು ಸಂವತ್ಸರಗಳಲ್ಲಿ ‘ವಿ’ಯಿಂದ ಆರಂಭವಾಗುವ ಹೆಸರುಗಳು ಎಂಟಕ್ಕಿಂತ ಹೆಚ್ಚಿವೆ, ವಿಭವಕ್ಕೂ ವಿರೋಧಿಕೃತಕ್ಕೂ 43 ವರ್ಷಗಳ ಅಂತರ. ಆ ಕಲ್ಲಿನಲ್ಲಿ ಶಕವರ್ಷವನ್ನು ಕೆತ್ತಿಲ್ಲವಾದ್ದರಿಂದ ವೀರನು ಮಡಿದ ವರ್ಷವನ್ನು ಹಿಡಿಯಲು ಇದ್ದ ಒಂದೇ ದಾರ ಅದಾಗಿತ್ತು. ಅಚ್ಚಿನ ಕಾಗದದಲ್ಲಿ ಆ ಅಕ್ಷರ ಮಸುಕಾಗಿಯಾದರೂ ಮೂಡಿದ್ದು ನಮ್ಮ ಪುಣ್ಯ. ತಪ್ಪು ಮಾತ್ರ ನಮ್ಮದೇ. ಕಲ್ಲಿನ ಒಡೆಯರಿಗೆ ಅಂದೇ ತಿಳಿಸಿ ಕ್ಷಮೆ ಕೇಳಿದ್ದೇವೆ.

ಈ ಘಟನೆಯ ನಂತರ ನಾವು ಹಿಂದೆ ಅಚ್ಚು ತೆಗೆದ ಕಲ್ಲುಗಳನ್ನು ಒಂದೊಂದಾಗಿ ಮತ್ತೆ ಹೋಗಿ ನೋಡಿದೆವು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಸುತ್ತಿನ ನಮ್ಮ ಸೀಮೆಯ ಕಲ್ಲುಗಳಲ್ಲಿ ಹೆಚ್ಚಿನವು ಉಸುಕುಗಲ್ಲು. ಕರಿಕಲ್ಲಿನಂತೆ ಅದು ಬಿಗಿಯಲ್ಲ. ನೀರು ಕುಡಿಯುತ್ತದೆ, ನೀರಿನೊಂದಿಗೆ ಮಸಿಯನ್ನೂ ಕುಡಿಯುತ್ತದೆ. ಕಾಗದ ಹರಿದ ಕಡೆಗಳಲ್ಲಿ ಮಸಿ ಕಲ್ಲಿಗೆ ಇಳಿದು ಕಪ್ಪು ಕಲೆ ಉಳಿದಿರುವುದನ್ನು ನಾಲ್ಕು ಕಡೆ ಕಂಡೆವು. ಒಂದೇ ಕಲ್ಲಿಗೆ ಅಣ್ಣತಮ್ಮಂದಿರ ಮೂರು ಮನೆಯವರು ಬೇರೆ ಬೇರೆಯಾಗಿ ಪ್ರತಿ ಕೇಳಿದಾಗ ಮೂರು ಸಲ ಬಡಿದಿದ್ದೇವೆ ಎಂಬುದನ್ನು ನೆನೆದರೆ ಈಗ ನಮಗೇ ನಾಚಿಕೆಯಾಗುತ್ತದೆ.

ಪಡಿಯಚ್ಚೇ ಕೆಟ್ಟದ್ದೆಂದು ದಯವಿಟ್ಟು ಭಾವಿಸಬಾರದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮೈಸೂರಿನ ಶಾಸನ ವಿಭಾಗದಲ್ಲಿರುವ ಪಡಿಯಚ್ಚುಗಳು ನಾಡಿನ ಇತಿಹಾಸಕ್ಕೆ ಆಧಾರವಾಗಿವೆ. ಕಲ್ಲು ಕಳೆದುಹೋದ ಮೇಲೂ ಕಾಗದ ಉಳಿದ ಉದಾಹರಣೆಗಳಿವೆ. ಆದರೆ ಅದು ಪಳಗಿದ ಕೈಗಳು ಅಧ್ಯಯನಕ್ಕಾಗಿ ಒಮ್ಮೆ ಮಾಡುವ ಕೆಲಸ. ಅದನ್ನು ಗೋಡೆಗೆ ಹಾಕುವ ಚಿತ್ರವಾಗಿ ಮಾರಿದ್ದು ನಮ್ಮ ಉತ್ಸಾಹದ ತಪ್ಪು.

ಇನ್ನು ಹೊಸ ವ್ಯವಸ್ಥೆಯ ವಿಚಾರ. ಸವೆದ ಅಕ್ಷರ ಎದುರು ಬೆಳಕಿನಲ್ಲಿ ಕಾಣುವುದಿಲ್ಲ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋದಾಗ ಪ್ರತಿ ಗೀರಿನಲ್ಲೂ ನೆರಳು ನಿಂತು ಓದಲು ಬರುತ್ತದೆ. ಐಹೊಳೆಯ ಮೇಗುತಿ ಗುಡಿಯಲ್ಲಿರುವ, ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ ಶಾಸನ, ಅಂದರೆ ಶಕ 556ರ (ಕ್ರಿ.ಶ. 634) ಆ ಪ್ರಸಿದ್ಧ ಬರಹ, ಪೂರ್ವದ ಗೋಡೆಯಲ್ಲಿರುವುದರಿಂದ ಮುಂಜಾನೆಯ ನೇರ ಬಿಸಿಲಿಗಿಂತ ಹೊತ್ತೇರಿ ಬಿಸಿಲು ಓರೆಯಾದ ಮೇಲೆ ಹೆಚ್ಚು ಸ್ಪಷ್ಟವಾಗುತ್ತದೆ. ಇದೇ ಯುಕ್ತಿಯನ್ನು ನಾವು ರಾತ್ರಿ ಬ್ಯಾಟರಿಯ ಬೆಳಕಿನಲ್ಲಿ ಬಳಸುತ್ತೇವೆ: ಕ್ಯಾಮೆರಾವನ್ನು ಕಾಲುಮಣೆಯ ಮೇಲೆ ಅಲುಗಾಡದಂತೆ ನಿಲ್ಲಿಸಿ, ಬೆಳಕನ್ನು ನಾಲ್ಕೂ ಬದಿಯಿಂದ ಸರದಿಯಂತೆ ಹಾಯಿಸಿ ನಾಲ್ಕು ಚಿತ್ರಗಳನ್ನು ತೆಗೆಯುತ್ತೇವೆ. ಎಡದ ಬೆಳಕಿಗೆ ಅಡಗಿದ ಗೆರೆ ಮೇಲಿನ ಬೆಳಕಿಗೆ ಸಿಗುತ್ತದೆ. ಕಲ್ಲನ್ನು ಮುಟ್ಟುವ ಅಗತ್ಯವೇ ಇಲ್ಲ. ಈ ಕೆಲಸಕ್ಕೆ ಅಮಾವಾಸ್ಯೆಯ ಆಸುಪಾಸಿನ ಕತ್ತಲು ಬೇಕಾದ್ದರಿಂದ ತಿಂಗಳಿಗೆ ಐದಾರು ರಾತ್ರಿ ಮಾತ್ರ ಸಾಧ್ಯ. ಕಾಯುವ ಅವಧಿ ಹೆಚ್ಚಾಗುತ್ತದೆ. ಮನೆಯವರು ಬಂದು ಬ್ಯಾಟರಿ ಹಿಡಿದು ನಿಲ್ಲುವುದಾದರೆ ನಮಗೆ ಸಂತೋಷವೇ. ಬರುವವರು ಹಾವು ಚೇಳಿನ ಕಾರಣಕ್ಕೆ ಬೂಟು ಹಾಕಿಕೊಂಡು ಬರಬೇಕು.

ದೊಡ್ಡ ಅಳತೆಯ ಒಂದು ಮುದ್ರಿತ ಚಿತ್ರ, ಓದು ಮತ್ತು ಅರ್ಥ ಸೇರಿ 350 ರೂಪಾಯಿ. ಪಡಿಯಚ್ಚಿಗೆ 600 ಪಡೆಯುತ್ತಿದ್ದೆವು. ಸರಕಾರದ ಸಂರಕ್ಷಿತ ಸ್ಮಾರಕಗಳ ಬೇಡಿಕೆಯನ್ನು ಹಿಂದಿನಂತೆ ಈಗಲೂ ಸ್ವೀಕರಿಸುವುದಿಲ್ಲ.

ಇದರೊಂದಿಗೆ ಉಚಿತವಾದ ಒಂದು ಕೆಲಸವನ್ನು ಆರಂಭಿಸಿದ್ದೇವೆ. ನಿಮ್ಮೂರಿನ ಶಾಸನದ ಓದು ಈಗಾಗಲೇ ಪುಸ್ತಕದಲ್ಲಿ ಪ್ರಕಟವಾಗಿದೆಯೇ ಎಂದು ಮೊದಲು ಹುಡುಕಿ ಹೇಳುತ್ತೇವೆ. ಹಳೆಯ ಮೈಸೂರು ಸೀಮೆಯವರಿಗೆ ಎಪಿಗ್ರಾಫಿಯ ಕರ್ನಾಟಿಕಾ ಎಂಬ ಶಾಸನ ಸಂಪುಟಗಳು ಇರುವಂತೆ, ಮುಂಬಯಿ ಆಡಳಿತದಲ್ಲಿದ್ದ ನಮ್ಮ ಭಾಗದ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿವೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಆ ಪುಟಗಳಲ್ಲಿ ನಮ್ಮ ಊರುಗಳನ್ನು ಬಿಜಾಪುರ ಜಿಲ್ಲೆಯ ಕೆಳಗೆ ಹುಡುಕಬೇಕಾಗುತ್ತದೆ. ಇದು ಗೊತ್ತಿಲ್ಲದೆ ‘ನಮ್ಮೂರಿನದು ಎಲ್ಲೂ ಇಲ್ಲ’ ಎಂದು ಮರಳಿದವರನ್ನು ನೋಡಿದ್ದೇವೆ.

ಮುಂಗಡ ಕೊಟ್ಟು ಕಾಯುತ್ತಿರುವ ಹನ್ನೊಂದು ಮನೆಯವರು ಪೂರ್ತಿ ಹಣವನ್ನು ಮರಳಿ ಪಡೆಯಬಹುದು, ಇಲ್ಲವೆ ಚಿತ್ರವನ್ನೂ ಉಳಿದ ಹಣವನ್ನೂ ಪಡೆಯಬಹುದು. ಪಾವತಿಯ ಚೀಟಿ ಕಳೆದಿದ್ದರೆ ನಮ್ಮ ವಹಿಯಲ್ಲಿ ಹೆಸರಿದ್ದರೆ ಸಾಕು. ಈಗಾಗಲೇ ನಿಮ್ಮ ಬಳಿ ಇರುವ ಪಡಿಯಚ್ಚುಗಳನ್ನು ಮಡಿಸಬೇಡಿರಿ, ಮಡಿಕೆಯ ಗೆರೆ ಅಕ್ಷರವನ್ನು ತಿನ್ನುತ್ತದೆ. ಸುರುಳಿ ಸುತ್ತಿ ಒಂದು ದಿನದ ಮಟ್ಟಿಗೆ ನಮ್ಮಲ್ಲಿಗೆ ತಂದರೆ ಸ್ಕ್ಯಾನ್ ಮಾಡಿಕೊಂಡು ಸಂಜೆಯೊಳಗೆ ಮರಳಿಸುತ್ತೇವೆ. ಮುಖ್ಯವಾಗಿ, ಅಚ್ಚಿಗೆ ನಾವು ಬರುವುದಿಲ್ಲವೆಂದು ಯಾರೂ ತಾವೇ ಅಕ್ಷರಗಳಿಗೆ ಸೀಮೆಸುಣ್ಣ ತುಂಬುವುದಾಗಲಿ, ಹಬ್ಬಕ್ಕೆಂದು ಕಲ್ಲಿಗೆ ಎಣ್ಣೆ ಬಣ್ಣ ಬಳಿಯುವುದಾಗಲಿ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಪೂಜೆಗೆ ನಮ್ಮ ತಕರಾರಿಲ್ಲ. ಕುಂಕುಮವನ್ನು ವೀರನ ಹಣೆಗೆ ಹಚ್ಚಿರಿ, ಬರಹದ ಪಟ್ಟಿಗೆ ಬೇಡ.

ಬಳಗದ ಕೋಣೆ ಪ್ರತಿ ಸೋಮವಾರ ಮತ್ತು ಸಂತೆಯ ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ತೆರೆದಿರುತ್ತದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಗ್ರಾಮ ಇತಿಹಾಸ ಬಳಗ, ಬಾಗಲಕೋಟೆ ಜಿಲ್ಲೆ