ಶಾಲೆಯ ಬೋರ್‌ವೆಲ್ ಕೊಳಾಯಿ ಮತ್ತು ಕಸದ ಯಾರ್ಡಿನ ಅರ್ಜಿ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಶಾಲೆಯ ಬೋರ್‌ವೆಲ್ಲಿನ ಕುಡಿಯುವ ನೀರಿನ ಕೊಳಾಯಿಗೆ ಬೀಗ ಹಾಕಿದ್ದಕ್ಕೂ ನಗರದ ಪಾಲಿಕೆ ಕಸ ಸುರಿಯುವ ಯಾರ್ಡಿನ ವಿಚಾರವಾಗಿ ಶಾಲೆಯ ಲೆಟರ್‌ಹೆಡ್‌ನಲ್ಲಿ ಅರ್ಜಿ ಕೊಟ್ಟಿದ್ದಕ್ಕೂ ನಿಮ್ಮಲ್ಲಿ ಹಲವರು ಬೇಸರ ಮಾಡಿಕೊಂಡಿದ್ದೀರಿ. ಊರಿನ ನೀರು ಕೆಟ್ಟಿದೆ ಎಂದು ಕಾಗದಕ್ಕೆ ಬಂದರೆ ಸೈಟಿನ ರೇಟು ಬೀಳುತ್ತದೆ, ನೆಂಟಸ್ತನಕ್ಕೆ ಬರುವವರು ಹಿಂದೆಮುಂದೆ ನೋಡುತ್ತಾರೆ, ಯಾರ್ಡಿನಲ್ಲಿ ಕಸ ಆರಿಸುವವರ ಕೂಲಿಗೆ ಕಲ್ಲು ಬೀಳುತ್ತದೆ ಎಂಬುದು ನಿಮ್ಮ ಮಾತು. ಅದು ಸುಳ್ಳಲ್ಲ. ಇಷ್ಟೆಲ್ಲ ಗೊತ್ತಿದ್ದೇ ಶಾಲೆ ಈ ಕೆಲಸ ಮಾಡಿದೆ.

ಮೊದಲು ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ (ಕೊಳಚೆ, ತಿಪ್ಪೆಯಿಂದ ನೀರಿಗೆ ಇಳಿಯುವ ಲವಣ) ಇರಬಾರದು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಪರೀಕ್ಷೆಯ ವರದಿಯಂತೆ ನಮ್ಮ ಬೋರ್‌ವೆಲ್ ನೀರು ಆ ಮಿತಿ ದಾಟಿದೆ. ನೀರು ತಿಳಿಯಾಗಿಯೇ ಇದೆ, ವಾಸನೆಯಿಲ್ಲ, ರುಚಿಯೂ ಕೆಟ್ಟಿಲ್ಲ. ಕಾಯಿಸಿ ಕೊಡಿ ಎಂದು ಕೆಲವು ತಾಯಂದಿರು ಹೇಳಿದ್ದೀರಿ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಪಟಿಕ, ಬಟ್ಟೆಯ ಸೋಸಣಿಗೆ, ಕ್ಲೋರಿನ್ ಮಾತ್ರೆ ಯಾವುದಕ್ಕೂ ಅದು ಜಗ್ಗದು. ಆರ್‌ಒ ಯಂತ್ರ ತೆಗೆಯುತ್ತದೆ, ಆದರೆ ಅದರೊಳಗಿನ ಸೋಸುವ ಪೊರೆ (ಮೆಂಬ್ರೇನ್) ಕಾಲಕಾಲಕ್ಕೆ ಬದಲಾಯಿಸಿದರೆ ಮಾತ್ರ. ಆದ್ದರಿಂದ ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಘಟಕದ ನೀರನ್ನೂ ಒಮ್ಮೆ ಪರೀಕ್ಷೆಗೆ ಕೊಡುವುದು ಒಳ್ಳೆಯದು. ಮನೆಯಲ್ಲಿ ಆರು ತಿಂಗಳೊಳಗಿನ ಕೂಸಿದ್ದು ಪುಡಿ ಹಾಲು ಕೊಡುತ್ತಿದ್ದರೆ ಬೋರ್‌ವೆಲ್ ನೀರಿನಲ್ಲಿ ಕಲಸಬೇಡಿ. ಹೆಚ್ಚು ಅಪಾಯ ಅಂಥ ಕೂಸುಗಳಿಗೇ.

"ನಾವು ಇದೇ ನೀರು ಕುಡಿದು ಬೆಳೆದವರು" ಎನ್ನುತ್ತೀರಿ. ಇರಬಹುದು. ಆದರೆ ವರದಿ ಕೈಗೆ ಬಂದ ಮೇಲೂ ಅದೇ ನೀರಿನಲ್ಲಿ ಬಿಸಿಯೂಟ ಬೇಯಿಸಿ, ಕ್ಷೀರಭಾಗ್ಯದ 18 ಗ್ರಾಂ ಪುಡಿಯನ್ನು ಅದೇ ನೀರಿನಲ್ಲಿ 150 ಮಿಲಿ ಹಾಲು ಮಾಡಿ ನಿಮ್ಮ ಮಕ್ಕಳ ಲೋಟಕ್ಕೆ ಹುಯ್ಯಲು ಶಾಲೆಗೆ ಸಾಧ್ಯವಿಲ್ಲ. ಬೀಗ ತೆಗೆಯುವುದಿಲ್ಲ. ಕೈಕಾಲು ತೊಳೆಯಲು, ಶೌಚಾಲಯಕ್ಕೆ ಆ ನೀರು ಎಂದಿನಂತೆ ಬರುತ್ತದೆ.

ಇನ್ನು ಅರ್ಜಿ. ಯಾರ್ಡ್ ಮುಚ್ಚಿ ಎಂದು ಶಾಲೆ ಬರೆದಿಲ್ಲ. ಯಾರ್ಡಿನಿಂದಲೇ ನೀರು ಕೆಟ್ಟಿತು ಎಂದೂ ಬರೆದಿಲ್ಲ. ಶೌಚದ ಗುಂಡಿಯಿಂದಲೂ ತಿಪ್ಪೆಯಿಂದಲೂ ನೈಟ್ರೇಟ್ ಇಳಿಯುತ್ತದೆ. ಒಂದು ವರದಿ ಹಿಡಿದು ಯಾರ್ಡಿನ ಕಡೆ ಬೆರಳು ತೋರಿಸಿದರೆ "ನಿಮ್ಮ ಗುಂಡಿಯದೇ" ಎಂದು ಒಂದೇ ಸಾಲಿನಲ್ಲಿ ಫೈಲು ಮುಚ್ಚಬಹುದು. ಹಾಗಾಗಿ ನಾವು ದೂರಿಲ್ಲ, ದಾಖಲೆ ಕೇಳಿದ್ದೇವೆ. ಭೂಭರ್ತಿಯ (ಕಸ ತುಂಬುವ ಜಾಗದ) ಅಂಚಿನಿಂದ 50 ಮೀಟರಿನೊಳಗೆ ಅಂತರ್ಜಲ ಪರೀಕ್ಷಿಸಬೇಕು, ಪ್ರತಿದಿನದ ಕಸದ ಮೇಲೆ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಹಾಸಬೇಕು, ಮಳೆಗಾಲಕ್ಕೆ ಮೊದಲು 40ರಿಂದ 65 ಸೆಂಟಿಮೀಟರ್ ಹೊದಿಕೆ ಹಾಕಿ ದಮ್ಮಸ್ಸು ಮಾಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು. ಅಂತರ್ಜಲದ ವರದಿ ಕೊಡಿ, ಮಣ್ಣು ಹಾಸಿದ ಲೆಕ್ಕ ಕೊಡಿ ಎಂದು ಕೇಳುವುದರಿಂದ ಯಾರ ಕೂಲಿಯೂ ಹೋಗುವುದಿಲ್ಲ. ಸರಿಯಾಗಿ ಮಣ್ಣು ಬಿದ್ದರೆ ನೊಣ, ಬೆಂಕಿ, ಹೊಗೆ ಕಡಿಮೆಯಾಗಿ ಅಲ್ಲಿ ದುಡಿಯುವವರಿಗೇ ಮೊದಲು ಒಳ್ಳೆಯದಾಗುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂದದ್ದು ನಿಮಗೆ ನೆನಪಿರಬಹುದು. ಮಳೆಗಾಲದ ಮುಂಚೆಯೇ ಕೇಳುವುದು ಅದಕ್ಕೆ.

ಸೈಟಿನ ರೇಟಿನ ಬಗ್ಗೆ ಮತ್ತೊಮ್ಮೆ ಹೇಳುತ್ತೇನೆ, ಕೋಪಿಸಿಕೊಳ್ಳಬೇಡಿ. ಸೈಟು ನೋಡಲು ಬಂದವರಿಗೆ ಬಸ್ಸಿಳಿಯುತ್ತಲೇ ವಾಸನೆ ಬಡಿಯುತ್ತದೆ, ಲಾರಿಯಿಂದ ಸೋರಿದ ಕಪ್ಪು ನೀರು ರಸ್ತೆಯ ಮೇಲೇ ಇರುತ್ತದೆ. ರೇಟು ಇಳಿಸಲು ಅವರಿಗೆ ನಮ್ಮ ಅರ್ಜಿ ಬೇಕಾಗಿಲ್ಲ. ಕುಡಿಯುವ ನೀರಿನ ಪೈಪ್‌ಲೈನ್ ಬಂದರೆ ಏರುವುದೂ ಅದೇ ರೇಟು.

ನೀವೂ ಅರ್ಜಿ ಬರೆಯುವುದಾದರೆ ಒಂದೇ ಹಾಳೆಗೆ ಎಲ್ಲವನ್ನೂ ತುರುಕಬೇಡಿ. ನೀರು, ನೊಣ, ರಸ್ತೆ, ಬೀದಿದೀಪ, ಲಾರಿ ಎಲ್ಲ ಒಂದರಲ್ಲೇ ಇದ್ದರೆ ಅದು ಮೇಜಿಂದ ಮೇಜಿಗೆ ಸುತ್ತುತ್ತಲೇ ಇರುತ್ತದೆ. ನಮ್ಮದು ಪಂಚಾಯಿತಿ, ಯಾರ್ಡ್ ನಗರದ ಪಾಲಿಕೆಯದು. ಗೋಜಲು ಶುರುವಾಗುವುದೇ ಇಲ್ಲಿ. ಕುಡಿಯುವ ನೀರು, ಬೀದಿದೀಪಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಸೋರುವ ಲಾರಿಗೆ ಪಾಲಿಕೆಯ ಘನತ್ಯಾಜ್ಯ ವಿಭಾಗ. ಗಾಡಿ ನಂಬರು, ತಾರೀಖು, ಹೊತ್ತು ಇರಲಿ, ಟಾರ್ಪಾಲು ಕಾಣುವಂಥ ಫೋಟೋ ಇರಲಿ. ಹೊಗೆ, ಕೊಳೆನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: 10 ರೂಪಾಯಿ ಪೋಸ್ಟಲ್ ಆರ್ಡರ್ ಇಡಿ, 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡಿನ ಜೆರಾಕ್ಸ್ ಇಟ್ಟರೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಮೀರಿದರೆ ವಾಪಸ್ ಬರಬಹುದು.

ಮನೆಯ ಬೋರ್‌ವೆಲ್ ಪರೀಕ್ಷೆ ಮಾಡಿಸುವವರು ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ನೀರು ಒಯ್ಯಬೇಡಿ. ಐದು ನಿಮಿಷ ಮೋಟಾರು ಓಡಿಸಿ, ಎರಡು ಲೀಟರಿನ ಹೊಸ ಕ್ಯಾನನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿ. ಕ್ರಿಮಿಯ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಬಾಟಲಿ ಬೇಕು. ಅದನ್ನು ತೊಳೆಯಬಾರದು, ಐಸಿನಲ್ಲಿಟ್ಟು ಅದೇ ದಿನ ತಲುಪಿಸಬೇಕು.

ಯಾರ್ಡ್ ಗೇಟಿನ ಧರಣಿಗೆ ಶಾಲೆ ರಜೆ ಕೊಡುವುದಿಲ್ಲ. ಹಿರಿಯರು ಕೂರುವುದು ನಿಮ್ಮ ಹಕ್ಕು. ಯೂನಿಫಾರ್ಮಿನ ಮಕ್ಕಳನ್ನು ಲಾರಿಯ ಮುಂದೆ ಕೂರಿಸುವುದು ಬೇಡ. ಧರಣಿಯಿಂದ ಏನೂ ಆಗದು ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಹೊರವಲಯದ ಮಂಡೂರಿನವರು ಹಟ ಹಿಡಿದದ್ದಕ್ಕೇ 2014ರ ಕೊನೆಗೆ ಅಲ್ಲಿಗೆ ಬೆಂಗಳೂರಿನ ಕಸ ನಿಂತಿತು. ಆದರೆ ಹಳೆಯ ರಾಶಿ ವರ್ಷಗಟ್ಟಲೆ ಅಲ್ಲೇ ಉಳಿಯಿತು. ರಾಶಿ ಇರುವಷ್ಟು ದಿನ ನೀರಿನ ಲೆಕ್ಕ ಕೇಳುವವರು ಬೇಕು.

ಶನಿವಾರ ಬೆಳಿಗ್ಗೆ ಶಾಲೆಗೆ ಬಂದು, ಪೈಪ್‌ಲೈನ್ ನೀರಿನ ಅರ್ಜಿಗೆ ಮನೆಗೊಬ್ಬರಂತೆ ಮನೆ ನಂಬರಿನೊಂದಿಗೆ ಸಹಿ ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ

ವಿ.ಸೂ.: ಸಹಿ ಹಾಕದ ಮನೆಯ ಮಕ್ಕಳಿಗೂ ಕುಡಿಯುವ ನೀರು, ಊಟ ಎಲ್ಲವೂ ಎಂದಿನಂತೆಯೇ. ಆ ಅನುಮಾನ ಯಾರಿಗೂ ಬೇಡ.