ಕಫ ಬಾರದವರ ಟಿಬಿ ಹುಡುಕುವುದು ಹೇಗೆ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಎಚ್‌ಐವಿ ಜೊತೆ ಬದುಕುತ್ತಿರುವವರ ಒಂದು ಸಣ್ಣ ಸಂಘದಲ್ಲಿ ಕೆಲಸ ಮಾಡುವವಳು. ನಮ್ಮದು ಉತ್ತರ ಕರ್ನಾಟಕದ ಕಡೆ. ಹನ್ನೊಂದು ವರ್ಷದಿಂದ ಜನರನ್ನು ಎಆರ್‌ಟಿ ಸೆಂಟರ್‌ಗೆ ಕರೆದುಕೊಂಡು ಹೋಗುತ್ತೇನೆ. ಎಆರ್‌ಟಿ ಅಂದರೆ ಎಚ್‌ಐವಿಗೆ ಕೊಡುವ ಗುಳಿಗೆ. ಆ ಗುಳಿಗೆ ಬಿಟ್ಟವರ ಮನೆಗೆ ಹೋಗಿ ಮಾತಾಡಿಸುತ್ತೇನೆ. ವಾರ್ಡಿನಲ್ಲಿ ಯಾರೂ ಇಲ್ಲದವರ ಹತ್ತಿರ ಕೂರುತ್ತೇನೆ. ನಾನು ಡಾಕ್ಟರಲ್ಲ. ಆದರೆ ನಮ್ಮವರನ್ನು ಕೊನೆಗೆ ಕೊಂಡೊಯ್ಯುತ್ತಿರುವುದು ಏನು ಅಂತ ನೋಡಿ ನೋಡಿ ಗೊತ್ತಾಗಿದೆ. ಅದು ಟಿಬಿ. ಅದಕ್ಕಾಗಿಯೇ ಈ ಪತ್ರ.

ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಬ್ಲೌಸ್ ಹೊಲಿದು ಜೀವನ ಮಾಡುತ್ತಿದ್ದವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಹೋದಳು. ಅಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಗುಳಿಗೆ ಬಿಟ್ಟಳು. ಒಂದೂವರೆ ವರ್ಷದ ನಂತರ ನನಗೆ ಫೋನ್ ಬಂದಾಗ ಅವಳ ತೂಕ 33 ಕಿಲೋ. ದಿನವೂ ಸಂಜೆ ಜ್ವರ, ತಿಂದದ್ದು ನಿಲ್ಲುತ್ತಿಲ್ಲ. ಕೆಮ್ಮು ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನವೇ ಕೈಗೆ ಕಫದ ಡಬ್ಬಿ ಕೊಟ್ಟರು. ಟಿಬಿ ಇರಬಹುದು ಅಂತ ಡಾಕ್ಟರಿಗೆ ಅನುಮಾನ ಬಂದಿತ್ತು, ಅದು ಸರಿಯೇ ಇತ್ತು. ಮರುದಿನ ಬೆಳಗ್ಗೆ ಅವಳನ್ನು ಹಿಡಿದುಕೊಂಡು ವಾರ್ಡಿನ ಹಿಂದಿನ ಬೇವಿನ ಮರದ ಹತ್ತಿರ ಹೋದೆ. ಗೋಡೆಗೆ ಕೈ ಊರಿ ನಿಂತು ಕೆಮ್ಮಲು ನೋಡಿದಳು. ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿತ್ತು. "ಅಕ್ಕಾ, ಬರವಲ್ದು" ಅಂದಳು. ಡಬ್ಬಿಯ ತಳದಲ್ಲಿ ಬಿದ್ದದ್ದು ನೊರೆನೊರೆ ನೀರು. ಲ್ಯಾಬಿನವರು ಡಬ್ಬಿಯನ್ನು ಬೆಳಕಿಗೆ ಹಿಡಿದು, "ಇದು ಎಂಜಲ, ಕಫ ಅಲ್ಲ, ಇನ್ನೊಮ್ಮೆ ತಗೊಂಡ ಬರ್ರಿ" ಅಂದರು. ಅವರು ಹೇಳಿದ್ದೂ ನಿಜವೇ. ಮೂರನೇ ದಿನ ಹೇಗೋ ಸ್ವಲ್ಪ ಕೊಟ್ಟೆವು. ಟಿಬಿ ಇಲ್ಲ ಅಂತ ಬಂತು. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ನಡುವೆ ಭಾನುವಾರ. ಕೊನೆಗೆ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗಂಟುಗಳು ಕಂಡವು. ಎಂಟನೇ ದಿನ ಟಿಬಿ ಮಾತ್ರೆ ಶುರುವಾಯಿತು. ಹತ್ತನೇ ದಿನ ಬೆಳಗಿನ ಜಾವ ಅವಳು ಹೋದಳು.

ಅಲ್ಲಿನ ಡಾಕ್ಟರನ್ನಾಗಲಿ ನರ್ಸ್‌ಗಳನ್ನಾಗಲಿ ನಾನು ದೂರುವುದಿಲ್ಲ. ಕೈಲಿದ್ದ ಪರೀಕ್ಷೆಗಳನ್ನೆಲ್ಲ ಅವರು ಮಾಡಿದರು. ಅವಳಿಗೆ ಬೇಕಾಗಿದ್ದ ಪರೀಕ್ಷೆ ಅವರ ಕೈಲಿರಲಿಲ್ಲ.

ಆಮೇಲೆ ಸುಮ್ನೆ ಕೂರಲು ಆಗಲಿಲ್ಲ. ಗೊತ್ತಿರುವ ಡಾಕ್ಟರುಗಳನ್ನು ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿಸಿಕೊಂಡೆ. ಎಚ್‌ಐವಿ ಮುಂದುವರಿದವರಲ್ಲಿ ಕಫ ಯಾಕೆ ಕೈಕೊಡುತ್ತದೆ ಅಂತ ಆಗ ಅರ್ಥವಾಯಿತು. ಟಿಬಿ ಬಂದಾಗ ಶ್ವಾಸಕೋಶದಲ್ಲಿ ಗುಳಿ ಬೀಳುತ್ತದೆ ಅಲ್ವಾ, ಅದು ಬೀಳುವುದು ನಮ್ಮ ದೇಹ ರೋಗಾಣುವಿನ ಜೊತೆ ಹೊಡೆದಾಡುವುದರಿಂದ. ಆ ಗುಳಿಯಿಂದಲೇ ರೋಗಾಣು ಕಫಕ್ಕೆ ಬರುತ್ತದೆ. ಹೊಡೆದಾಡುವ ಶಕ್ತಿಯೇ ಉಳಿಯದಿದ್ದರೆ ಗುಳಿಯೂ ಇಲ್ಲ, ಕಫವೂ ಇಲ್ಲ, ಎಕ್ಸ್‌ರೇಯಲ್ಲಿ ಗುರುತೂ ಕಾಣದೆ ಹೋಗಬಹುದು. ರೋಗ ಮಾತ್ರ ರಕ್ತದಲ್ಲಿ ಸೇರಿ ಹೊಟ್ಟೆ, ಗುಲ್ಮ, ಕಿಡ್ನಿ, ಮೆದುಳು ಅಂತ ಎಲ್ಲ ಕಡೆ ಹರಡುತ್ತದೆ. ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರದಷ್ಟಾದರೂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿದ, ನಾವು ಸಿಬಿನ್ಯಾಟ್ ಅನ್ನುವ ಯಂತ್ರಕ್ಕೆ ನೂರು ನೂರೈವತ್ತು ಇದ್ದರೂ ಸಾಕು, ಎರಡು ಗಂಟೆಯಲ್ಲಿ ಉತ್ತರ. ಗೋವಾದ ಮೋಲ್‌ಬಯೋ ಕಂಪನಿಯ ಟ್ರೂನ್ಯಾಟ್ ಬಂದ ಮೇಲೆ ಸಣ್ಣ ಆಸ್ಪತ್ರೆಗಳಲ್ಲೂ ಈ ಥರದ ಪರೀಕ್ಷೆ ಸಾಧ್ಯವಾಗಿದೆ. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಕಫವನ್ನೇ ನಂಬಿ ಕೂತರೆ, ಡಬ್ಬಿಯಲ್ಲಿ ಕಫ ಬೀಳದವರಿಗೆ ಯಂತ್ರ ಏನು ಮಾಡೀತು?

ಇದಕ್ಕೆ ಉತ್ತರ ಮೂತ್ರದಲ್ಲಿ ಸಿಕ್ಕಿದೆ. ಟಿಬಿ ರೋಗಾಣುವಿನ ಹೊರಗೋಡೆಯ ಒಂದು ಅಂಶಕ್ಕೆ ಲ್ಯಾಮ್ ಅಂತ ಹೆಸರು. ರೋಗ ಮೈಯೆಲ್ಲ ಹರಡಿದಾಗ ಇದು ಮೂತ್ರದಲ್ಲಿ ಬರುತ್ತದೆ. ಗರ್ಭಿಣಿ ಪರೀಕ್ಷೆಯ ಪಟ್ಟಿ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೇ ಒಂದು ಪಟ್ಟಿ. ಎರಡು ಮೂರು ಹನಿ ಮೂತ್ರ ಹಾಕಬೇಕು, 25 ನಿಮಿಷ ಕಾಯಬೇಕು, ಗೆರೆ ಮೂಡಿತೇ ಅಂತ ಕಾರ್ಡಿನ ಜೊತೆ ಹೋಲಿಸಿ ನೋಡಬೇಕು. ಯಂತ್ರ ಬೇಡ, ಕರೆಂಟ್ ಬೇಡ, ಕೆಮ್ಮುವುದೂ ಬೇಡ. ಒಂದಕ್ಕೆ ಸುಮಾರು ಮೂರೂವರೆ ಡಾಲರ್, ನಮ್ಮ ದುಡ್ಡಲ್ಲಿ ಮುನ್ನೂರು ರೂಪಾಯಿ ಆಸುಪಾಸು. ಸಿಡಿ4, ಅಂದರೆ ರೋಗದ ಜೊತೆ ಹೊಡೆದಾಡುವ ರಕ್ತಕಣಗಳ ಲೆಕ್ಕ, ಎಷ್ಟು ಕೆಳಗಿದ್ದರೆ ಅಷ್ಟು ಚೆನ್ನಾಗಿ ಇದು ಹಿಡಿಯುತ್ತದೆ. ಬೇರೆ ಪರೀಕ್ಷೆಗಳು ಸೋಲುವುದು ಅತಿ ಸುಸ್ತಾದ ರೋಗಿಗಳ ಹತ್ತಿರ, ಇದು ಕೆಲಸಕ್ಕೆ ಬರುವುದೂ ಅವರ ಹತ್ತಿರವೇ. ಇದನ್ನು ಕೇಳಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಂಶೋಧನೆ ಸಾಲದು ಅಂತ ಯಾರಾದರೂ ನಿಮಗೆ ಹೇಳಬಹುದು. ದಕ್ಷಿಣ ಆಫ್ರಿಕಾ, ತಾಂಜಾನಿಯಾ, ಜಾಂಬಿಯಾ, ಜಿಂಬಾಬ್ವೆ ದೇಶಗಳ 10 ಆಸ್ಪತ್ರೆಗಳಲ್ಲಿ, ದಾಖಲಾದ ಎರಡೂವರೆ ಸಾವಿರಕ್ಕೂ ಜಾಸ್ತಿ ಎಚ್‌ಐವಿ ರೋಗಿಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎಂಟು ವಾರದಲ್ಲಿ, ಮಾಮೂಲಿ ಪರೀಕ್ಷೆ ಮಾತ್ರ ಮಾಡಿದವರಲ್ಲಿ ನೂರಕ್ಕೆ 25 ಜನ ತೀರಿಕೊಂಡರು. ಜೊತೆಗೆ ಲ್ಯಾಮ್ ಮಾಡಿದವರಲ್ಲಿ 21. ನೂರರಲ್ಲಿ ನಾಲ್ಕು ಜೀವ! ಎರಡು ವರ್ಷದ ನಂತರ ಮಲಾವಿ ಮತ್ತು ದಕ್ಷಿಣ ಆಫ್ರಿಕಾದ ಇನ್ನೊಂದು ಅಧ್ಯಯನ ಬಂತು. ಅಲ್ಲಿ ಲಕ್ಷಣ ಇರಲಿ ಬಿಡಲಿ, ದಾಖಲಾದ ಎಚ್‌ಐವಿ ರೋಗಿಗಳಿಗೆ ಮೂತ್ರ ಪರೀಕ್ಷೆ ಮಾಡಿ ನೋಡಿದರು. ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಸಾವಿನಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಬರಲಿಲ್ಲ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕೇಳುವುದು ನನಗೆ ಸರಿಯೆನಿಸದು. ಆದರೆ ಸಿಡಿ4 100ಕ್ಕಿಂತ ಕಡಿಮೆ ಇದ್ದವರಲ್ಲಿ, ರಕ್ತ ತೀರಾ ಕಡಿಮೆ ಇದ್ದವರಲ್ಲಿ, ಡಾಕ್ಟರಿಗೇ ಟಿಬಿ ಅನುಮಾನ ಇದ್ದವರಲ್ಲಿ ಸಾವು ಕಡಿಮೆಯಾಗಿತ್ತು. ನಮ್ಮ ಹುಡುಗಿ ಇಂಥವರಲ್ಲೇ ಒಬ್ಬಳು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತ್ತು, 2019ರಲ್ಲಿ ಇನ್ನೂ ಜಾಸ್ತಿ ಜನರಿಗೆ ವಿಸ್ತರಿಸಿತು.

ಇನ್ನೊಂದು ಲೆಕ್ಕ ಇದೆ, ಬರೆಯಲು ಕೈ ನಡುಗುತ್ತದೆ. ಬಡ ದೇಶಗಳಲ್ಲಿ ಎಚ್‌ಐವಿ ಇದ್ದು ತೀರಿಕೊಂಡವರ ಮರಣೋತ್ತರ ಪರೀಕ್ಷೆಗಳನ್ನು ಒಟ್ಟುಮಾಡಿ 2015ರಲ್ಲಿ ಒಂದು ವಿಶ್ಲೇಷಣೆ ಬಂತು. ನೂರರಲ್ಲಿ ಸುಮಾರು 40 ಜನರ ದೇಹದಲ್ಲಿ ಟಿಬಿ ಇತ್ತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಟಿಬಿ ಇದೆ ಅಂತ ಸಾಯುವವರೆಗೂ ಯಾರಿಗೂ ಗೊತ್ತಾಗಿರಲಿಲ್ಲ.

ಈ ಪಟ್ಟಿ ಎಲ್ಲವನ್ನೂ ಹಿಡಿಯುವುದಿಲ್ಲ, ಅದೂ ಗೊತ್ತು. ಗೆರೆ ಮೂಡಲಿಲ್ಲ ಅಂದರೆ ಟಿಬಿ ಇಲ್ಲ ಅಂತಲ್ಲ, ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಔಷಧಕ್ಕೆ ಬಗ್ಗದ ಟಿಬಿಯೋ ಅಂತ ಹೇಳಲೂ ಇದಕ್ಕೆ ಆಗದು. ಹಾಗಾಗಿ ಸಿಬಿನ್ಯಾಟ್, ಟ್ರೂನ್ಯಾಟ್ ಇರಲೇಬೇಕು. ಅದರ ಪಕ್ಕದಲ್ಲಿ ಇದೂ ಇರಲಿ ಅಂತ ಕೇಳುತ್ತಿದ್ದೇನೆ. ಇದಿದ್ದರೆ ಅವಳು ಖಂಡಿತ ಬದುಕುತ್ತಿದ್ದಳು ಅಂತ ಹೇಳಲಾರೆ. ಎಂಟನೇ ದಿನ ಶುರುವಾದ ಮಾತ್ರೆ ಮೊದಲನೇ ದಿನ ಶುರುವಾಗಬಹುದಿತ್ತು, ಅಷ್ಟು ಹೇಳುತ್ತೇನೆ.

ಲ್ಯಾಮ್ ಕಿಟ್ ರಾಜ್ಯದಲ್ಲಿ ಎಲ್ಲೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಾನು ಓಡಾಡುವ ವಾರ್ಡುಗಳಲ್ಲಿ, ಬೇಕಾದ ದಿನ, ಬೇಕಾದ ಹೊತ್ತಿಗೆ ಅದು ಕೈಗೆ ಸಿಕ್ಕಿದ್ದನ್ನು ನಾನು ನೋಡಿಲ್ಲ. ದಯವಿಟ್ಟು ಪ್ರತಿ ಎಆರ್‌ಟಿ ಸೆಂಟರ್‌ನಲ್ಲೂ, ಪ್ರತಿ ಜಿಲ್ಲಾಸ್ಪತ್ರೆ ಮತ್ತು ಮೆಡಿಕಲ್ ಕಾಲೇಜಿನ ವಾರ್ಡಿನಲ್ಲೂ ಇದು ಸಿಗುವಂತೆ ಮಾಡಿ. ಲ್ಯಾಬಿನ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಪ್ರಯೋಜನ ಇಲ್ಲ. ರಾತ್ರಿ ಪಾಳಿಯ ನರ್ಸ್‌ಗೂ ಮಾಡಲು ಬರಬೇಕು, ಭಾನುವಾರವೂ ಆಗಬೇಕು. ಎಚ್‌ಐವಿ ಇರುವವರು ದಾಖಲಾದ ದಿನವೇ ಪರೀಕ್ಷೆ ಆಗಬೇಕು, ಗೆರೆ ಮೂಡಿದರೆ ಅದೇ ದಿನ ಮಾತ್ರೆ ಕೊಡಬೇಕು. ಎಲ್ಲರಿಗೂ ಎಆರ್‌ಟಿ ಅಂತಾದ ಮೇಲೆ ಸಿಡಿ4 ನೋಡುವುದು ಸಡಿಲವಾಗಿದೆ. ಗುಳಿಗೆ ಬಿಟ್ಟು ವಾಪಸ್ ಬಂದವರಿಗಾದರೂ ತಪ್ಪದೆ ಮಾಡಿಸಿ.

ಒಂದು ಸಣ್ಣ ವಿಷಯ, ಬೆಂಗಳೂರಿನಲ್ಲಿ ಕೂತವರಿಗೆ ಹೊಳೆಯಲಿಕ್ಕಿಲ್ಲ. ಈ ಕಿಟ್ಟನ್ನು 30 ಡಿಗ್ರಿ ಒಳಗೆ ಇಡಬೇಕು. ನಮ್ಮ ಕಡೆ ಏಪ್ರಿಲ್, ಮೇ ಬಂತೆಂದರೆ 40 ದಾಟುತ್ತದೆ. ಫ್ರಿಜ್ಜಿನಲ್ಲಿ ಜಾಗ ಎಲ್ಲಿ ಅಂತ ಈಗಲೇ ಯೋಚಿಸಿ ಕಳಿಸಿ. ಹಾಗೇ, ಮೂತ್ರದ ಡಬ್ಬಿ ಕೊಡುವಾಗ "ಎಚ್‌ಐವಿ ಪೇಷಂಟ್ ಯಾರ್ರೀ?" ಅಂತ ವಾರ್ಡಿಗೆಲ್ಲ ಕೇಳುವಂತೆ ಕೂಗಬಾರದು ಅಂತ ತರಬೇತಿಯಲ್ಲೇ ಹೇಳಿಕೊಡಿ. ಗುಟ್ಟು ಕಾಪಾಡಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಯಾರಿಗಾದರೂ ಗೊತ್ತಾದೀತು ಅನ್ನುವ ಭಯಕ್ಕೇ ಅವಳು ಗುಳಿಗೆ ಬಿಟ್ಟದ್ದು.

ಬೆಂಗಳೂರಿನಲ್ಲೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ನಮ್ಮ ಜಿಲ್ಲೆಗಳಲ್ಲಿ ಈ ಪರೀಕ್ಷೆ ಎಷ್ಟು ಜನರನ್ನು ಹಿಡಿಯಿತು, ಎಷ್ಟು ದಿನ ಉಳಿಸಿತು ಅಂತ ಅವರ ಜೊತೆ ಸೇರಿ ಲೆಕ್ಕ ಇಡಿಸಿ. ಆ ಲೆಕ್ಕ ಜನರ ಮುಂದೆಯೂ ಬರಲಿ.

ಮುಂದಿನ ಸಲ ಜಿಲ್ಲಾ ಪ್ರವಾಸಕ್ಕೆ ಬಂದಾಗ, ಸಭೆ ಮುಗಿದ ಮೇಲೆ ಹತ್ತು ನಿಮಿಷ ಮೆಡಿಕಲ್ ವಾರ್ಡಿಗೆ ಹೋಗಿ. ಅಲ್ಲಿರುವ ನರ್ಸ್ ಹತ್ತಿರ "ಲ್ಯಾಮ್ ಕಿಟ್ ಎಲ್ಲಿದೆಯಮ್ಮಾ, ತೋರಿಸಿ" ಅಂತ ಕೇಳಿ.

ಇಂತಿ ನಮಸ್ಕಾರಗಳೊಂದಿಗೆ,
ಉತ್ತರ ಕರ್ನಾಟಕದ ಒಬ್ಬ ಎಚ್‌ಐವಿ ಸಂಘದ ಕಾರ್ಯಕರ್ತೆ