ಶುಗರ್ ಟೆಸ್ಟ್ ಜೊತೆ ಇನ್ನೊಂದು ಪ್ರಶ್ನೆಯೂ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಯಾರಿಗಾದರೂ ಶುಗರ್ ಬಂದಿದೆ ಎಂದರೆ ಸಾಕು, ಸಲಹೆಗಳು ಸಾಲಾಗಿ ಬರುತ್ತವೆ. ಅನ್ನ ಕಡಿಮೆ ಮಾಡಿ, ಮುದ್ದೆ ತಿನ್ನಿ, ಕಾಫಿಗೆ ಸಕ್ಕರೆ ಬಿಡಿ, ವಾಕಿಂಗ್ ಹೋಗಿ. ತಪ್ಪಿಲ್ಲ. ಆದರೆ ಆ ಮನುಷ್ಯ ಯಾರ ಜೊತೆ ಕೂತು ಊಟ ಮಾಡುತ್ತಾನೆ, ದಿನಕ್ಕೆ ಎಷ್ಟು ಮಾತಾಡುತ್ತಾನೆ ಎಂದು ಕೇಳುವವರು ಯಾರೂ ಇಲ್ಲ.

ಇದು ಸುಮ್ನೆ ಭಾವುಕತೆಯ ಮಾತಲ್ಲ. ನಾರ್ವೆಯ ಟ್ರೋಂಡೆಲಾಗ್ ಪ್ರಾಂತ್ಯದಲ್ಲಿ 24,024 ಜನರ ಆರೋಗ್ಯದ ಮಾಹಿತಿಯನ್ನು 1995ರಿಂದ 2019ರವರೆಗೆ ಗಮನಿಸಿದರು. ಅಷ್ಟರಲ್ಲಿ 1,179 ಮಂದಿಗೆ ಟೈಪ್ 2 ಡಯಾಬಿಟಿಸ್ ಬಂದಿತ್ತು. ಶುರುವಿನಲ್ಲೇ ‘ನನಗೆ ತುಂಬಾ ಒಂಟಿತನ’ ಎಂದಿದ್ದವರಿಗೆ, ಹಾಗೆ ಅನಿಸದವರಿಗಿಂತ ಅಪಾಯ ಸುಮಾರು ಎರಡು ಪಟ್ಟು ಇತ್ತು. ವಯಸ್ಸು, ಓದು ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದೇ ಫಲಿತಾಂಶ. ಒಂಟಿತನದಿಂದಲೇ ಕಾಯಿಲೆ ಬಂತು ಎಂದು ಇಂಥ ಅಧ್ಯಯನ ಖಡಾಖಂಡಿತವಾಗಿ ಹೇಳಲಾರದು, ಅದು ನಿಜ. ಆದರೂ ಕಡೆಗಣಿಸುವಷ್ಟು ಸಣ್ಣ ವಿಷಯವಂತೂ ಅಲ್ಲ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು 2020ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನ. ಅಲ್ಲಿ ನಡುವಯಸ್ಸು ದಾಟಿದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 12 ವರ್ಷ ಗಮನಿಸಿದರು. ಮನೆಯಲ್ಲಿ ಒಬ್ಬರೇ ಇರುವುದಕ್ಕೂ ಡಯಾಬಿಟಿಸ್‌ಗೂ ಸ್ಪಷ್ಟ ನಂಟು ಕಾಣಲಿಲ್ಲ. ‘ನನಗೆ ಯಾರೂ ಇಲ್ಲ’ ಎಂಬ ಭಾವನೆಗೆ ಮಾತ್ರ ನಂಟು ಇತ್ತು. ಅಂದರೆ ಅಕ್ಕಪಕ್ಕದವರ ಜೊತೆ ಜಗಲಿಯಲ್ಲಿ ಕೂತು ಹರಟುವ ಒಂಟಿ ಅಜ್ಜಿ ಚೆನ್ನಾಗಿರಬಹುದು. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಮೊಬೈಲ್ ಹಿಡಿದು ಕೂತ ತುಂಬಿದ ಮನೆಯ ಅಜ್ಜನೇ ಸೊರಗುತ್ತಿರಬಹುದು. ಮನೆಯಲ್ಲಿ ತಲೆ ಎಷ್ಟಿವೆ ಎಂದು ಎಣಿಸಿ ಸಮಾಧಾನ ಪಡುವ ಹಾಗಿಲ್ಲ.

ಒಳಗೆ ಆಗುವುದು ಏನು? ಒಂಟಿತನ ಬಹಳ ದಿನ ಉಳಿದರೆ ದೇಹಕ್ಕೆ ಅದೂ ಒಂದು ಒತ್ತಡವೇ. ಒತ್ತಡದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನ್ ಏರುತ್ತದೆ. ಲಿವರ್ ರಕ್ತಕ್ಕೆ ಜಾಸ್ತಿ ಸಕ್ಕರೆ ಬಿಡುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಉಳಿದದ್ದು ನಮ್ಮ ಕಣ್ಣಿಗೇ ಕಾಣುವಂಥದ್ದು. ಒಬ್ಬರಿಗೆ ಏನು ಅಡುಗೆ ಎಂದು ಒಲೆ ಹಚ್ಚುವುದೇ ಬೇಡ ಅನಿಸುತ್ತದೆ. ರಾತ್ರಿಗೆ ಬನ್ನು, ರಸ್ಕು, ಒಂದು ಲೋಟ ಸಿಹಿ ಕಾಫಿ. ನಿದ್ದೆ ಬರುವುದಿಲ್ಲ. ಮಾತ್ರೆ ತಗೊಂಡ್ರಾ ಎಂದು ಕೇಳುವವರಿಲ್ಲ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮನೆಗಳೇ ದೂರ ದೂರ. ಪಕ್ಕದ ಮನೆ ಎಂದರೆ ತೋಟ ದಾಟಿ ಹೋಗಬೇಕು. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ವಿದೇಶದಲ್ಲಿ. ಜೂನ್‌ನಲ್ಲಿ ಮಳೆ ಹಿಡಿದರೆ ಕರೆಂಟು ಇಲ್ಲ, ನೆಟ್‌ವರ್ಕ್ ಇಲ್ಲ, ಅಂಗಳಕ್ಕೆ ಇಳಿಯುವ ಹಾಗೂ ಇಲ್ಲ. ವಾಕಿಂಗ್ ಹೋಗಿ ಎಂದು ಡಾಕ್ಟರು ಬರೆದುಕೊಟ್ಟರೆ ಎಲ್ಲಿಗೆ ಹೋಗುವುದು? ಹಾಸನದವರಿಗೆ ಮಹಾರಾಜ ಪಾರ್ಕ್ ಇದೆ, ಚಿಕ್ಕಮಗಳೂರಿನವರಿಗೆ ರತ್ನಗಿರಿ ಬೋರೆ ಇದೆ. ಹಳ್ಳಿಯವರಿಗೆ ಮೊದಲೆಲ್ಲ ಬಸ್ಸೇ ಒಂದು ಕಟ್ಟೆಯಾಗಿತ್ತು. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ಹೋದದ್ದು ಬರೀ ಬಸ್ಸಲ್ಲ, ಎಷ್ಟೋ ಜನರ ದಿನದ ಮಾತುಕತೆಯೂ ಹೋಯಿತು. ಕೂಲಿಗೆ ಬಂದು ತೋಟದ ಲೈನ್ ಮನೆಗಳಲ್ಲಿ ಇರುವ ಅಸ್ಸಾಮಿನ ಹುಡುಗರನ್ನೂ ಮರೆಯಬಾರದು. ಭಾಷೆ ಬಾರದ ಊರಲ್ಲಿ ಒಂಟಿತನಕ್ಕೆ ವಯಸ್ಸಾಗಬೇಕಿಲ್ಲ.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಬಂದಾಗ ಜನ ಗಾಬರಿಯಾಗಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತಿದ್ದರು. ಯಂತ್ರದಲ್ಲಿ ಕಾಣುವುದನ್ನು ಹುಡುಕಲು ಓಡುತ್ತೇವೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂದು ವರದಿ ಕೊಟ್ಟಿತು. ಅದು ಇಲ್ಲಿ ಚರ್ಚೆಗೇ ಬರಲಿಲ್ಲ. ಆ ಆಯೋಗದ ಸಹ ಅಧ್ಯಕ್ಷರಲ್ಲಿ ಒಬ್ಬರಾದ ವಿವೇಕ್ ಮೂರ್ತಿ ಅವರ ಮೂಲ ಪಕ್ಕದ ಮಂಡ್ಯ ಜಿಲ್ಲೆಯ ಹಲ್ಲೆಗೆರೆ!

ನನ್ನ ಕೋರಿಕೆ ದೊಡ್ಡದೇನಲ್ಲ. 30 ವರ್ಷ ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ನೋಡುತ್ತಾರೆ. ಆಶಾ ಕಾರ್ಯಕರ್ತೆಯರು ಮನೆಗೂ ಬರುತ್ತಾರೆ. ಅವರ ನಮೂನೆಯಲ್ಲಿ ‘ನಿಮಗೆ ಒಂಟಿ ಅನಿಸುತ್ತಾ?’ ಎಂಬ ಒಂದು ಪ್ರಶ್ನೆ ಸೇರಿಸಿ. ಹೌದು ಎಂದವರ ಮನೆಗೆ ಇನ್ನೊಂದು ಸಲ ಹೋಗಲಿ. ಈಗಾಗಲೇ ಕೆಲಸದ ಹೊರೆ ಹೊತ್ತಿರುವ ಆಶಾ ಅಕ್ಕಂದಿರಿಗೆ ಅದಕ್ಕೆ ತಕ್ಕ ಗೌರವಧನವನ್ನೂ ಕೊಡಬೇಕು, ಬಿಟ್ಟಿ ದುಡಿಸಬಾರದು. ಮಾತ್ರೆಯ ಜಾಗಕ್ಕೆ ಮಾತು ಎಂದು ನಾನು ಹೇಳುತ್ತಿಲ್ಲ. ಎರಡೂ ಬೇಕು.

ಇನ್ನೊಂದು, ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರ ಎಂಬ ಗ್ರಂಥಾಲಯಗಳಿವೆ. ಪುಟ್ಟ ಮಕ್ಕಳಿಗೆ ಕೂಸಿನ ಮನೆ ಮಾಡಿದ್ದಾರೆ, ಒಳ್ಳೆಯದು. ಹಾಗೇ ಮಧ್ಯಾಹ್ನದ ಮೇಲೆ ಎರಡು ಗಂಟೆ ಅರಿವು ಕೇಂದ್ರದಲ್ಲಿ ಹಿರಿಯರಿಗೆ ಕೂರಲು ಬೆಂಚು, ಪೇಪರು, ಸಕ್ಕರೆ ಇಲ್ಲದ ಕಾಫಿ ಇಟ್ಟರೆ ಎಷ್ಟು ಖರ್ಚಾದೀತು? ಎರಡೂ ಜಿಲ್ಲಾ ಪಂಚಾಯಿತಿಯವರು ಮುಂದಿನ ಮಳೆಗಾಲಕ್ಕೆ ಮೊದಲು ಮೂಡಿಗೆರೆ, ಸಕಲೇಶಪುರ ತಾಲ್ಲೂಕುಗಳ ಒಂದೊಂದು ಪಂಚಾಯಿತಿಯಲ್ಲಾದರೂ ಇದನ್ನು ಮಾಡಿ ನೋಡಲಿ. ಚೌಕಾಬಾರದ ಮಣೆ ನಾವೇ ತರುತ್ತೇವೆ.

ಇಂತಿ,
ನಿವೃತ್ತ ಶಿಕ್ಷಕ, ಮೂಡಿಗೆರೆ ತಾಲ್ಲೂಕು